ಒತ್ತಿದರೆ ಚಾಲೂ, ಎಳೆದರೆ ಬಂದ್

ನನ್ನ ತವರು ನಿಪ್ಪಾಣಿ ಸಮೀಪದ ಅಕ್ಕೋಳ. ಅಪ್ಪನಿಗೆ ಊರಲ್ಲಿ ತುಸು ಹೊಲವಿತ್ತು, ಒಂದು ಎಮ್ಮೆ, ನಾಲ್ಕಾರು ಆಡು ಇದ್ದವು. ಆದರೆ ಮನೆ ನಡೆಯುತ್ತಿದ್ದುದು ನಿಪ್ಪಾಣಿಯಲ್ಲಿ ಅವನು ಇಟ್ಟಿದ್ದ ಮೋಟರ್ ಕಟ್ಟುವ ಅಂಗಡಿಯಿಂದ. ಬಾವಿಯ ಪಂಪ್‌ಸೆಟ್ ಸುಟ್ಟರೆ ರೈತರು ಮೋಟರನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಅಪ್ಪ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ನನ್ನ ತಮ್ಮಂದಿರಿಗೆ ಅಂಗಡಿಯ ವಾರ್ನಿಷ್ ವಾಸನೆ ಆಗುತ್ತಿರಲಿಲ್ಲ. ನನಗೆ ಅದು ಹಸಿವು ತರಿಸುತ್ತಿತ್ತು. "ಇಕೀ ಬೆರಳ ಸಣ್ಣ ಅದಾವ್ರಿ, ತಂತಿ ಚಲೋ ಕೂಡ್ರಸ್ತಾಳ" ಎಂದು ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ.

ಅವನು ಕೂಡ್ರಿಸಿಕೊಂಡು ಪಾಠ ಹೇಳಿದವನಲ್ಲ. ಕೆಲಸ ಮಾಡುತ್ತ ಒಂದೊಂದು ಮಾತು ಉದುರಿಸುತ್ತಿದ್ದ, ಅಷ್ಟೆ. ಕರೆಂಟು ಒಂದು ತಂತಿಯಲ್ಲಿ ಬರುತ್ತದೆ, ಇನ್ನೊಂದರಲ್ಲಿ ತಿರುಗಿ ಹೋಗುತ್ತದೆ. ಸ್ವಿಚ್ಚನ್ನು ಬರುವ ತಂತಿಗೇ ಹಾಕಬೇಕು. ಹೋಗುವ ತಂತಿಗೆ ಹಾಕಿದರೂ ಮೋಟರ್ ನಿಲ್ಲುತ್ತದೆ, ಆದರೆ ಕರೆಂಟು ಒಳಗೇ ಕಾಯುತ್ತ ಕೂತಿರುತ್ತದೆ. "ಮಷಿನ್ ನಿಂತೈತಿ ಅಂದ್ರ ಸತ್ತೈತಿ ಅಂತ ತಿಳ್ಕೋಬ್ಯಾಡ ಮಗಳ, ಮೊದಲ ಟೆಸ್ಟರ್ ಹಚ್ಚಿ ನೋಡು" ಎನ್ನುತ್ತಿದ್ದ. ಹತ್ತನೆಯ ಇಯತ್ತೆ ಮುಗಿಯುವ ಹೊತ್ತಿಗೆ ನಾನು ಸಣ್ಣ ಮೋಟರುಗಳನ್ನು ಒಬ್ಬಳೇ ಕಟ್ಟುತ್ತಿದ್ದೆ. ಸ್ಟಾರ್ಟರ್ ಬಿಚ್ಚಿ, ತೊಳೆದು, ತಿರುಗಿ ಜೋಡಿಸುತ್ತಿದ್ದೆ.

ನನ್ನನ್ನು ಕೊಟ್ಟದ್ದು ಶಿರಗುಪ್ಪಿಗೆ, ಕಬ್ಬು ಮತ್ತು ದ್ರಾಕ್ಷಿ ಎರಡೂ ಇದ್ದ ದೊಡ್ಡ ಮನೆಗೆ. ಅವರು ನೋಡಲು ಬಂದಾಗ ಅಪ್ಪ ಹೆಮ್ಮೆಯಿಂದ "ಹುಡುಗಿಗೆ ಮೋಟರ್ ಕಟ್ಟಾಕೂ ಬರ್ತೈತ್ರಿ" ಎಂದುಬಿಟ್ಟ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅತ್ತೆಯಾಗುವವರು "ಚಲೋ ಆತ್ ಬಿಡ್ರಿ, ನಮ್ಮ ಬಾವಿ ಮೋಟರ್ ಸುಟ್ರ ಸೊಸಿ ಕಡೆನ ಕಟ್ಟಸೋಣು" ಎಂದು ನಕ್ಕರು. ಅವರು ನಕ್ಕಿದ್ದರಿಂದ ಎಲ್ಲರೂ ನಕ್ಕರು. ಹೊರಡುವಾಗ ಮಾತ್ರ ಅವ್ವನನ್ನು ಬದಿಗೆ ಕರೆದು, ಈ ಮಾತನ್ನು ಇನ್ನೆಲ್ಲೂ ಆಡಬೇಡಿ ಎಂದು ಹೇಳಿ ಹೋದರಂತೆ.

ನಮ್ಮವರು ಆ ಮನೆಯ ಎರಡನೆಯ ಮಗ. ಹೊಲದ ಕಾರಭಾರವೆಲ್ಲ ಅವರ ಅಣ್ಣನ, ಅಂದರೆ ನನ್ನ ಭಾವನ ಕೈಯಲ್ಲಿತ್ತು. ನಮ್ಮವರಿಗೆ ಮಣ್ಣಿನ ಕೆಲಸ ಬೇಕಿರಲಿಲ್ಲ. ಏನಾದರೂ ಧಂದೆ ಮಾಡಬೇಕು, ಅಣ್ಣನ ಕೈ ಕೆಳಗಿನಿಂದ ಹೊರಗೆ ಬರಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದರು. ಒಂದು ದಿನ ಮೀರಜಿಗೆ ಹೋದವರು ಅಲ್ಲಿ ವಿಡಿಯೋ ಗೇಮ್ ಅಂಗಡಿ ನೋಡಿ ಬಂದರು. ನಾಣ್ಯ ಹಾಕಿದರೆ ಆಟ ಶುರುವಾಗುತ್ತದೆ, ಹುಡುಗರು ಮುಗಿಬಿದ್ದು ನಿಂತಿರುತ್ತಾರೆ, ಮಾಲೀಕ ಗಲ್ಲಾದ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾನೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಕಡೆ ಅಂಥದ್ದು ಇನ್ನೂ ಬಂದಿರಲಿಲ್ಲ. ಕಾಗವಾಡದ ಬಸ್ ಸ್ಟ್ಯಾಂಡಿನ ಎದುರು ಒಂದು ಕೋಣೆ ಹಿಡಿಯುವುದೆಂದು ಅವರು ತೀರ್ಮಾನಿಸಿಬಿಟ್ಟರು.

ಸಿದ್ಧವಾದ ಮಷಿನ್ ತರುವಷ್ಟು ಹಣ ಕೊಡಲು ಭಾವ ಒಪ್ಪಲಿಲ್ಲ. ಹೀಗಾಗಿ ಮೀರಜಿನಲ್ಲಿ ಮುಚ್ಚಿಹೋದ ಒಂದು ಅಂಗಡಿಯಿಂದ ಆಟದ ಬೋರ್ಡು, ಅದಕ್ಕೆ ಕರೆಂಟು ಕೊಡುವ ಡಬ್ಬಿ, ಹಿಡಿಕೆ ಮತ್ತು ಗುಂಡಿಗಳನ್ನು ಮಾತ್ರ ತಂದರು. ನೆಂಟರ ಮನೆಯ ಹಳೆಯ ಕಲರ್ ಟಿವಿಯೊಂದು ಸಿಕ್ಕಿತು. ಪೆಟ್ಟಿಗೆಯನ್ನು ನಮ್ಮೂರಿನ ಬಡಿಗೇರನೇ ಪ್ಲೈವುಡ್ಡಿನಲ್ಲಿ ಮಾಡಿದ. ಅವನು ಕಪಾಟು ಮಾಡಿ ಗೊತ್ತಿದ್ದವನು, ಕಪಾಟಿನಷ್ಟೇ ಎತ್ತರ ಮಾಡಿದ. ಆಡುವವರು ಏಣಿ ಹತ್ತಬೇಕಾಗುತ್ತಿತ್ತು. ಬೈಸಿಕೊಂಡು ತಿರುಗಿ ಕೊಯ್ದ. ಒಣದ್ರಾಕ್ಷಿ ಹಸನು ಮಾಡುವ ನಮ್ಮ ಉದ್ದನೆಯ ಪಡಸಾಲೆಯಲ್ಲಿ ಆ ಪೆಟ್ಟಿಗೆಯನ್ನು ನಿಲ್ಲಿಸಿ, ಒಳಗೆ ಟಿವಿ ಇಟ್ಟು, ನಮ್ಮವರು ತಂತಿ ಜೋಡಿಸಲು ಕೂತರು. ದಿನವಿಡೀ ಕೂತರು. ಚಿತ್ರ ಬರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನನ್ನನ್ನು ಕರೆದು "ಏ, ನೀ ಸ್ವಲ್ಪ ನೋಡ ಬಾ" ಎಂದರು. ದನಿ ತಗ್ಗಿಸಿಯೇ ಅಂದರು. ಮೀರಜಿನವನು ಯಾವ ತಂತಿ ಎಲ್ಲಿಗೆಂದು ಹೇಳಿದ್ದನ್ನು ಅವರಿಂದ ಕೇಳಿಕೊಂಡು ನಾನು ಒಂದೊಂದಾಗಿ ಬಿಚ್ಚಿ ಜೋಡಿಸಿದೆ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಒಂದು ವಿಮಾನ ಬಂದು ನಿಂತಿತು. ಮನೆಯ ಮಂದಿಯೆಲ್ಲ ಕೂಡಿದರು. ಮಾವ ಹೆಗಲ ಮೇಲಿನ ಟವೆಲ್ಲು ಜಾರಿದ್ದೂ ತಿಳಿಯದೆ ಹಿಡಿಕೆ ಹಿಡಿದು ಗುಂಡು ಹೊಡೆಯುತ್ತಿದ್ದರು. "ಶಾಬ್ಬಾಸ್ ಮಗನ, ಕಡೀಕ ಒಂದ್ ಕೆಲಸಾ ಮಾಡಿದಿ" ಎಂದು ನಮ್ಮವರ ಬೆನ್ನು ತಟ್ಟಿದರು. ನಮ್ಮವರು ನನ್ನ ಕಡೆ ನೋಡಿ ಒಂದು ಸಣ್ಣ ನಗೆ ನಕ್ಕರು. ಹೊಸದಾಗಿ ಮದುವೆಯಾದವಳು ನಾನು. ಆ ನಗೆಯೇ ನನಗೆ ಸಾಕಷ್ಟು ಕೂಲಿ ಅನಿಸಿತು.

ಕಾಗವಾಡದಲ್ಲಿ ಅಂಗಡಿ ಚೆನ್ನಾಗಿ ನಡೆಯಿತು. ಕಾಲೇಜು ಹುಡುಗರು, ಕಬ್ಬಿನ ಟ್ರ್ಯಾಕ್ಟರ್ ಚಾಲಕರು, ಸಂತೆಗೆ ಬಂದವರು ಎಲ್ಲರೂ ಬರುತ್ತಿದ್ದರು. ತೊಂದರೆ ಇದ್ದದ್ದು ಕರೆಂಟಿನದು. ಪೆಟ್ಟಿಗೆಯ ಹಿಂದೆ ಟಿವಿಗೊಂದು, ಬೋರ್ಡಿಗೊಂದು, ಮೇಲಿನ ದೀಪಕ್ಕೊಂದು, ಗಾಳಿಯ ಫ್ಯಾನಿಗೊಂದು ಪ್ಲಗ್ ಇದ್ದವು. ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತಿತ್ತು, ಬರುವಾಗ ಜಿಗಿದು ಬರುತ್ತಿತ್ತು. ಹೋದ ಕೂಡಲೇ ಗಲ್ಲಾ ಬಿಟ್ಟು ಎದ್ದು, ಗೋಡೆಗೂ ಪೆಟ್ಟಿಗೆಗೂ ನಡುವೆ ತೂರಿ, ಎಲ್ಲವನ್ನೂ ಬಂದ್ ಮಾಡಬೇಕು. ಒಂದು ಸಲ ಅವರು ಛಾ ಕುಡಿಯಲು ಹೋದಾಗ ಕರೆಂಟು ಹೋಗಿ ಬಂತು. ಬೋರ್ಡಿನ ಡಬ್ಬಿಯಿಂದ ಹೊಗೆ ಎದ್ದಿತು. ರಿಪೇರಿಯಾಗಿ ಬರುವವರೆಗೆ ಅಂಗಡಿ ಮುಚ್ಚಿಯೇ ಇತ್ತು, ಮನೆಯಲ್ಲಿ ಭಾವನ ಮಾತು ಕೇಳಬೇಕಾಯಿತು.

"ಎಲ್ಲಾಕ್ಕೂ ಕೂಡಿ ಒಂದ ಸ್ವಿಚ್ ಆಗೂದಿಲ್ಲೇನು?" ಎಂದು ನಮ್ಮವರು ಊಟಕ್ಕೆ ಕೂತಾಗ ಕೇಳಿದರು.

"ಬರೇ ಸ್ವಿಚ್ ಆದ್ರ ಸಾಲೂದಿಲ್ರಿ" ಎಂದೆ. "ಪಂಪಿನ ಸ್ಟಾರ್ಟರ್ ಹೆಂಗ ಇರ್ತೈತಿ? ಕರೆಂಟ್ ಹೋತಂದ್ರ ತಾನ ಬಿಡ್ತೈತಿ. ತಿರುಗಿ ಬಂದ್ರೂ ನಾವ್ ಒತ್ತೂತನಾ ಚಾಲೂ ಆಗೂದಿಲ್ಲ. ಹಂಗ ಮಾಡಬೇಕು."

"ಬರ್ತೈತೇನು ನಿನಗ?"

"ಅಪ್ಪನ ಅಂಗಡ್ಯಾಗ ಗುಜರಿ ಸಾಮಾನ ಐತಿ. ತರಸ್ರಿ."

ಅಪ್ಪ ಹಳೆಯ ಸಣ್ಣ ಸ್ಟಾರ್ಟರಿನ ಸುರುಳಿಗಳನ್ನು ಚೀಲದಲ್ಲಿ ಹಾಕಿ ಕಳಿಸಿದ. ಹಿತ್ತಲ ಕಡೆಯ ಕಟ್ಟೆಯ ಮೇಲೆ ಕೂತು ನಾನು ಅವನ್ನು ಬಿಚ್ಚಿ, ನಮಗೆ ಬೇಕಾದಷ್ಟು ಚಿಕ್ಕದು ಮಾಡಿ, ಮತ್ತೆ ಸುತ್ತಿದೆ. ಮೊದಲನೆಯದು ಗುಂಯ್ ಎಂದು ಕೂಗುತ್ತಿತ್ತು, ಎರಡನೆಯದು ಕಾದು ಕೈ ಇಡಲಾಗದಂತಾಯಿತು. ಮೂರನೆಯದು ಸರಿಹೋಯಿತು. ಪೆಟ್ಟಿಗೆಯ ಮುಂಭಾಗದಲ್ಲಿ ಒಂದೇ ಕೆಂಪು ಗುಂಡಿ. ಒತ್ತಿದರೆ ಒಳಗಿನ ಸುರುಳಿ ಅಯಸ್ಕಾಂತದ ಹಾಗೆ ಅದನ್ನು ಕಚ್ಚಿ ಹಿಡಿಯುತ್ತಿತ್ತು. ದೀಪ, ಫ್ಯಾನು, ಬೋರ್ಡು, ಟಿವಿ ಎಲ್ಲವೂ ಚಾಲೂ. ಎಳೆದರೆ ಎಲ್ಲವೂ ಬಂದ್. ಕರೆಂಟು ಹೋದರೆ ಗುಂಡಿ ಟಕ್ಕೆಂದು ತಾನೇ ಹೊರಗೆ ಬರುತ್ತಿತ್ತು. ಮತ್ತೆ ಯಾರಾದರೂ ಒತ್ತುವವರೆಗೆ ಒಳಗೆ ಏನೂ ಹರಿಯುತ್ತಿರಲಿಲ್ಲ. ಕೈ ತಾಗುವ ಕಬ್ಬಿಣದ ಭಾಗಗಳಿಗೆಲ್ಲ ಅರ್ಥಿಂಗ್ ತಂತಿ ಎಳೆದೆ. ನಮ್ಮವರು ಸಣ್ಣ ಹುಡುಗರ ಹಾಗೆ ಒತ್ತುವುದು, ಎಳೆಯುವುದು, ಒತ್ತುವುದು, ಎಳೆಯುವುದು ಮಾಡಿದರು.

ಆ ಗುಂಡಿ ನೋಡಲು ಮಂದಿ ಬಂದರು. ಅಷ್ಟರಲ್ಲಿ ಅಥಣಿಯಲ್ಲಿ, ಚಿಕ್ಕೋಡಿಯಲ್ಲಿ ಕೂಡ ಒಬ್ಬೊಬ್ಬರು ಗೇಮಿನ ಅಂಗಡಿ ತೆರೆದಿದ್ದರು. ಅವರದೂ ಇದೇ ಗೋಳು. ನಮಗೂ ಹೀಗೇ ಮಾಡಿಕೊಡಿ ಎಂದರು. ಕೆಲವರು ಇಡೀ ಪೆಟ್ಟಿಗೆಯನ್ನೇ ಮಾಡಿಕೊಡಿ ಎಂದು ಕೇಳಿದರು. ನಮ್ಮವರು ಒಪ್ಪಿಕೊಂಡು ಬಂದರು. ನಾನು ಬೆಳಿಗ್ಗೆ ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಟ್ಟಿ, ಹಿತ್ತಲಲ್ಲಿ ಕೂತು ತಂತಿ ಸುತ್ತುತ್ತಿದ್ದೆ. ನೆಗೆಣ್ಣಿ, ಅಂದರೆ ಭಾವನ ಹೆಂಡತಿ, "ನೀ ಹಗಲೆಲ್ಲಾ ಕುಂತಿರ್ತಿ, ನಾ ಹಗಲೆಲ್ಲಾ ದುಡೀತೀನಿ" ಎಂದು ಕುಟುಕುತ್ತಿದ್ದಳು. ಮನೆಯವರ ಲೆಕ್ಕದಲ್ಲಿ ಅದು ಕೆಲಸವಾಗಿರಲಿಲ್ಲ. ಗಂಡನಿಗೆ ಕೈಜೋಡಿಸುವುದು, ಅಷ್ಟೆ.

ಹೊರಗೆ ನಮ್ಮವರ ಹೆಸರು ಬೆಳೆಯಿತು. ಜನ ಅವರನ್ನು ಇಂಜಿನಿಯರ್ ಎಂದು ಕರೆಯತೊಡಗಿದರು. ಮೊದಮೊದಲು ನನಗೂ ಸುಖವೆನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಭಾವನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ಗಂಡ ಈಗ ತಲೆ ಎತ್ತಿ ಕೂಡ್ರುತ್ತಾನಲ್ಲ ಎಂದು ಹಿಗ್ಗುತ್ತಿದ್ದೆ. ಆ ಹಿಗ್ಗು ಇಳಿದದ್ದು ಅಥಣಿಯ ಅಂಗಡಿಯವರು ಮನೆಗೆ ಬಂದ ದಿನ. ಅವರು ಸ್ವತಃ ರೇಡಿಯೋ ರಿಪೇರಿ ಬಲ್ಲವರು. ಸುರುಳಿಗೆ ಎಷ್ಟು ದಪ್ಪದ ತಂತಿ ಹಾಕಿದ್ದೀರಿ ಎಂದು ನಮ್ಮವರನ್ನು ಕೇಳಿದರು. ನಮ್ಮವರು ಛಾ ಕುಡಿಯುತ್ತ ಕುಡಿಯುತ್ತ ತಡವರಿಸಿದರು. ಛಾದ ಕಪ್ಪು ತೆಗೆಯಲು ಬಂದಿದ್ದ ನಾನು, ತಡೆಯದೆ, ಉತ್ತರ ಹೇಳಿಬಿಟ್ಟೆ. ಅವರು ಕಣ್ಣರಳಿಸಿ ನನ್ನನ್ನೂ ನಮ್ಮವರನ್ನೂ ನೋಡಿದರು.

"ನಾ ದಿನಾ ಮಾತಾಡೂದು ಕೇಳಿ ಕೇಳಿ ಆಕೀಗೂ ಬಾಯಪಾಠ ಆಗೇತ್ರಿ" ಎಂದು ನಮ್ಮವರು ನಕ್ಕರು.

ಅವರು ಹೋದ ಮೇಲೆ ಅತ್ತೆ ಅಡಿಗೆಮನೆಗೆ ಬಂದು, "ಗಂಡಸರ ನಡಕ ಬಾಯಿ ಹಾಕಿ ಗಂಡನ್ನ ಸಣ್ಣಾವನ್ನ ಮಾಡಬ್ಯಾಡ ಬೇ" ಎಂದರು. ನಮ್ಮವರು ಅದನ್ನು ಕೇಳಿಸಿಕೊಂಡರು. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು.

ಮರುವರ್ಷ ನಾನು ಬಾಣಂತನಕ್ಕೆ ಅಕ್ಕೋಳಕ್ಕೆ ಹೋದೆ. ಹೆಣ್ಣು ಹುಟ್ಟಿತು. ಶಿರಗುಪ್ಪಿಯಿಂದ ಕರೆಯಲು ಬರುವುದಕ್ಕೆ ತಡವಾಯಿತು. ನಾನು ಅಲ್ಲಿದ್ದಾಗಲೇ ರಾಯಬಾಗದಿಂದ ಒಂದು ಪೆಟ್ಟಿಗೆಗೆ ಗಿರಾಕಿ ಬಂದಿದ್ದ. ಅಲಖನೂರಿನ ಸಣ್ಣ ರೈತ ಆತ. ರಾಯಬಾಗದ ಬಸ್ ಸ್ಟ್ಯಾಂಡಿನ ಹತ್ತಿರ ಗಂಡ ಹೆಂಡತಿ ಸೇರಿ ಸೈಕಲ್ ಬಾಡಿಗೆ ಅಂಗಡಿ ಇಟ್ಟಿದ್ದರು. ಅದರ ಮಗ್ಗುಲಲ್ಲೇ ಒಂದು ಗೇಮ್ ಹಾಕುವ ಆಸೆ. ಹೆಂಡತಿ ತವರಿಂದ ಬಂದ ಮೇಲೆ ಮಾಡಿಕೊಡುತ್ತೇನೆ ಎಂದು ಹೇಳಲು ಇಂಜಿನಿಯರ್ ಸಾಹೇಬರಿಗೆ ಆಗುತ್ತದೆಯೇ? ನಮ್ಮವರೇ ಕೂತು ಮಾಡಿದರು. ನಾನು ಮಾಡಿಟ್ಟಿದ್ದ ಒಂದು ಸುರುಳಿ ಮನೆಯಲ್ಲಿ ಉಳಿದಿತ್ತು. ಅದನ್ನೇ ಹಾಕಿ, ಗುಂಡಿಯನ್ನು ಹೋಗುವ ತಂತಿಗೆ ಜೋಡಿಸಿದರು. ಅರ್ಥಿಂಗ್ ಎಳೆಯಲೇ ಇಲ್ಲ. ಒತ್ತಿದರೆ ಚಾಲೂ ಆಯಿತು, ಎಳೆದರೆ ಬಂದ್ ಆಯಿತು. ಕೊಟ್ಟು ಕಳಿಸಿದರು.

ನಾನು ಕೂಸಿನೊಂದಿಗೆ ಶಿರಗುಪ್ಪಿಗೆ ಮರಳಿದ ಕೆಲವೇ ದಿನಗಳಲ್ಲಿ ಸುದ್ದಿ ಬಂತು. ನಾಣ್ಯ ಸಿಕ್ಕಿಹಾಕಿಕೊಂಡಿತೆಂದು ಆ ಮನುಷ್ಯ ಗುಂಡಿ ಎಳೆದಿದ್ದಾನೆ. ಪರದೆ ಕಪ್ಪಾಗಿದೆ, ದೀಪ ಆರಿದೆ. ಬಂದ್ ಆಯಿತೆಂದು ನಂಬಿ ಹಿಂದಿನ ಬಾಗಿಲು ತೆಗೆದು ಒಳಗೆ ಕೈ ಹಾಕಿದ್ದಾನೆ. ಕರೆಂಟು ಹಿಡಿದುಕೊಂಡುಬಿಟ್ಟಿತು. ಪುಣ್ಯಕ್ಕೆ ಹೆಂಡತಿ ಅಲ್ಲೇ ಇದ್ದಳು. ಬಡಿಗೆ ತೆಗೆದುಕೊಂಡು ಗಂಡನ ಕೈಗೇ ಹೊಡೆದು ಬಿಡಿಸಿದಳಂತೆ. ಜೀವ ಉಳಿಯಿತು. ಬಲಗೈ ಬೆಂದುಹೋಗಿ ಮೀರಜಿನ ಆಸ್ಪತ್ರೆಯಲ್ಲಿ ಮಲಗಿದ್ದ.

ಅವನ ಅಣ್ಣ, ಊರಿನ ಕೆಲವು ಹಿರಿಯರು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಕೂತರು. ಛಾ ಮುಟ್ಟಲಿಲ್ಲ. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹಿಂದೆ ನಿಂತಿದ್ದೆ.

"ಬಂದ್ ಮಾಡಿದ ಮ್ಯಾಲ ಕರೆಂಟ್ ಹಿಡೀತೈತಿ ಅಂದ್ರ ಎಂಥಾ ಮಷಿನ್ ಕೊಟ್ರಿ ನೀವು? ನಿಮ್ಮನ್ನ ಇಂಜಿನಿಯರ್ ಅಂತ ತಿಳದು ತಗೊಂಡ್ವಿ" ಎಂದು ಅಣ್ಣ ಕೇಳಿದ.

ನಮ್ಮವರು ನೆಲ ನೋಡುತ್ತಿದ್ದರು. ಮಾವ "ಮಾತಾಡಪಾ" ಎಂದರು.

"ಅದು ನಾ ಮಾಡಿದ್ದಲ್ರಿ" ಎಂದರು ನಮ್ಮವರು. "ನಮ್ಮ ಮನ್ಯಾಗಿನಾಕಿ ಮಾಡ್ಯಾಳ. ಆಕೀ ಅಪ್ಪಂದು ಮೋಟರ್ ಅಂಗಡಿ ಐತಿ. ನನಗ ಬರ್ತೈತಿ, ನಾ ಮಾಡ್ತೀನಿ ಅಂತ ಹಟಾ ಹಿಡದ್ಲು. ನಾನೂ ಹೂಂ ಅಂದ್ನಿ. ಅದ ನಂದು ತಪ್ಪಾತು."

ಅಷ್ಟೂ ವರ್ಷ ಇದು ನನ್ನ ಕೆಲಸ ಎಂಬ ಮಾತು ಆ ಬಾಯಿಂದ ಒಮ್ಮೆಯೂ ಹೊರಗಿನವರ ಮುಂದೆ ಬಂದಿರಲಿಲ್ಲ. ಬಂದದ್ದು ಆವತ್ತು.

ನಾನು ಹೊರಗೆ ಬಂದೆ. "ನಾ ಆಗ ಇಲ್ಲಿ ಇದ್ದಿದ್ದಿಲ್ರಿ. ಬಾಣಂತನಕ್ಕ ಅಕ್ಕೋಳಕ್ಕ ಹೋಗಿದ್ನಿ. ಅದನ್ನ ನಾ ಕಣ್ಣಿಲೆ ಸುದ್ದಾ ನೋಡಿಲ್ಲ. ಬೇಕಾದ್ರ ನಮ್ಮ ಅತ್ತ್ಯಾರ್ನ ಕೇಳ್ರಿ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗು ಸರಿಮಾಡಿಕೊಂಡರು. "ಒಳಗ ಹೋಗು. ಕೂಸು ಅಳಾಕತ್ತೈತಿ" ಎಂದರು.

ಕೂಸು ಅಳುತ್ತಿರಲಿಲ್ಲ. ನನ್ನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅದು ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು.

"ಬಾಣಂತಿ ಅದಾಳ್ರಿ, ಹಿಂದಿಂದು ಮುಂದಿಂದು ಆಕೀಗೆ ಈಗ ನೆನಪಿರೂದಿಲ್ಲ" ಎಂದರು ನಮ್ಮವರು. ಬಂದಿದ್ದ ಹಿರಿಯರಲ್ಲೊಬ್ಬರು "ಹೋಗ್ಲಿ ಬಿಡ್ರಿ, ಹೆಣ್ಮಕ್ಕಳ ಕೂಡ ಏನ್ ವಾದ" ಎಂದರು. ಅಲ್ಲಿಗೆ ಸಿಟ್ಟಿನ ಗಂಟು ಸಡಿಲಾಯಿತು. ಆಸ್ಪತ್ರೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದು ಮಾವ ಹೇಳಿದರು. ಛಾ ಆರಿತ್ತು, ಬೇರೆ ಮಾಡಿಸಿದರು. ಈ ಸಲ ಅವರು ಕುಡಿದರು. ಆ ಛಾ ಮಾಡಿದವಳೂ ನಾನೇ.

ಇನ್ನು ಯಾರಿಗೂ ಅಪಾಯವಾಗದಂತೆ ರಾಯಬಾಗದ ಪೆಟ್ಟಿಗೆಯನ್ನು ತಿಳಿದವರೊಬ್ಬರು ನೋಡಬೇಕಾಯಿತು. ಅಪ್ಪನನ್ನು ಕರೆಸಿದರು. ನನಗೆ ಆ ದಿನ ಎಂಥ ಧೈರ್ಯ ಬಂದಿತ್ತೆಂದರೆ, ಅಪ್ಪ ಒಮ್ಮೆ ಆ ಪೆಟ್ಟಿಗೆಯ ಹಿಂದಿನ ಬಾಗಿಲು ತೆಗೆದರೆ ಸಾಕು, ಎಲ್ಲ ತಾನೇ ಬಯಲಾಗುತ್ತದೆ ಎಂದುಕೊಂಡೆ. ಅವನು ಭಾವನ ಜೊತೆ ರಾಯಬಾಗಕ್ಕೆ ಹೋಗಿ, ಅಲ್ಲಿಂದ ಅಲಖನೂರಿಗೂ ಹೋಗಿ, ಇಳಿಹೊತ್ತಿಗೆ ನಮ್ಮ ಮನೆಗೆ ಬಂದ. ನಾನು ಅವನನ್ನು ಹಿತ್ತಲಿಗೆ ಕರೆದೊಯ್ದೆ.

"ನೋಡಿದೇನಪಾ?"

"ನೋಡಿದ್ನಿ."

"ಯಾರ ಕೆಲಸ ಅಂತ ಗೊತ್ತಾತಿಲ್ಲೋ?"

"ನಿನ್ನ ಜೋಡಣಿ ನನಗ ಗೊತ್ತಿಲ್ಲೇನ ಮಗಳ? ಅದು ನಿನ್ನ ಕೈದಲ್ಲ. ಹೋಗೂ ತಂತಿಗೆ ಗುಂಡಿ ಹಾಕ್ಯಾನ. ಗಂಟು ಸುದ್ದಾ ಸರಿ ಹಾಕಿಲ್ಲ."

"ಮತ್ತ ಅವರಿಗೆ ಏನ್ ಹೇಳಿದಿ?"

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸುತ್ತಲೇ ಇದ್ದ.

"ನನ್ನ ಮಗಳ ಕೈ ತಪ್ಪು ಅಂತ ಹೇಳಿ ಬಂದ್ನಿ."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನಿಸಿತು. ಅಪ್ಪ ಮೆಲ್ಲಗೆ ಹೇಳಿದ. "ಹೆಣ್ಣಮಗಳ ತಪ್ಪು ಅಂದ್ರ ಮಂದಿ ನಾಕ ಮಾತಾಡಿ ಬಿಟ್ಟಬಿಡ್ತಾರ. ಗಂಡಸಿನ ತಪ್ಪು ಅಂದ್ರ ಪೊಲೀಸ ಠಾಣೆಕ್ಕ ಹೋಗ್ತೈತಿ. ಅಂವ ಒಳಗ ಹೋದ್ರ, ಈ ಹೆಣ್ಣ ಕೂಸು ಎತಗೊಂಡು ನೀ ಎಲ್ಲಿಗೆ ಹೋಗ್ತಿ?"

"ನಿನ್ನ ಮನಿಗೆ ಬರ್ತೀನಿ" ಎಂದೆ. "ಮೋಟರ್ ಕಟ್ತೀನಿ."

ಅಪ್ಪ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ನಿಪ್ಪಾಣಿ ಬಸ್ಸು ತಪ್ಪುತ್ತದೆ ಎಂದ. ಕೂಸಿನ ಕೈಗೆ ಏನೋ ಕೊಟ್ಟು, ಅತ್ತೆಗೆ ಕೈ ಮುಗಿದು, ಹೊರಟುಹೋದ. ಹೋಗುವಾಗ ನಮ್ಮವರು ಅವನನ್ನು ಸ್ಕೂಟರಿನಲ್ಲಿ ಕೂಡ್ರಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದರು. ಅದಕ್ಕೂ ಮೊದಲು ಅವರು ಎಂದೂ ಅಷ್ಟು ಮರ್ಯಾದೆ ಮಾಡಿದ್ದಿಲ್ಲ.

ಗಂಡನ ಮೇಲೆ ನನಗೆ ಬಂದ ಸಿಟ್ಟು ಒಂದು ತೂಕವಾದರೆ, ಅಪ್ಪನ ಮೇಲಿನದು ಇನ್ನೂ ಹೆಚ್ಚಿನದು. ನಮ್ಮವರಿಗೆ ನನ್ನ ಕೆಲಸದ ಬೆಲೆ ಗೊತ್ತಿರಲಿಲ್ಲ. ಗೊತ್ತಿದ್ದುದು ಅದರಿಂದ ಬಂದ ಹೆಸರಿನ ಬೆಲೆ. ಅಪ್ಪನಿಗೆ ಗೊತ್ತಿತ್ತು. ನನ್ನ ಬೆರಳು ಹಿಡಿದು ಕಲಿಸಿದವನು ಅವನು. ಗೊತ್ತಿದ್ದೂ ಮಾರಿದ. ನನ್ನ ಒಳ್ಳೆಯದಕ್ಕೆಂದೇ ಮಾರಿದ ಎಂದು ಜನ ಅನ್ನಬಹುದು. ನಾನೂ ಎಷ್ಟೋ ಸಲ ಹಾಗೆ ಅಂದುಕೊಳ್ಳಲು ನೋಡಿದ್ದೇನೆ. ಆಗಿಲ್ಲ.

ಸುದ್ದಿ ಊರೂರಿಗೆ ಹೋಯಿತು. ಆ ಗುಂಡಿಗಳನ್ನೆಲ್ಲ ಒಬ್ಬ ಹೆಂಗಸು ಮಾಡ್ಯಾಳಂತ ಎಂದು ಅಥಣಿಯಲ್ಲಿ, ಚಿಕ್ಕೋಡಿಯಲ್ಲಿ ಮಾತಾಯಿತು. ಮಳೆ, ಸಿಡಿಲು, ಲೋಡ್ ಶೆಡ್ಡಿಂಗ್ ಎಲ್ಲವನ್ನೂ ತಡೆದು ಒಂದು ದಿನವೂ ಕೈಕೊಡದೆ ನಡೆದ ನನ್ನ ಗುಂಡಿಗಳನ್ನು ಅಂಗಡಿಯವರು ಹೆದರಿ ಕಿತ್ತುಹಾಕಿದರು. ಮತ್ತೆ ಪೆಟ್ಟಿಗೆಯ ಹಿಂದೆ ತೂರಿ ಪ್ಲಗ್ ಕೀಳುವ ಪದ್ಧತಿಗೇ ಹೋದರು. ರೇಡಿಯೋ ರಿಪೇರಿ ಬಲ್ಲ ಅಥಣಿಯವರೂ ಕಿತ್ತರಂತೆ. ನಮ್ಮ ಕಾಗವಾಡದ ಅಂಗಡಿಯಲ್ಲಿ ಮಾತ್ರ ನಾನು ಮಾಡಿದ ಮೊದಲ ಗುಂಡಿ ಹಾಗೆಯೇ ಇತ್ತು. ಅದು ಸರಿಯಿದೆ ಎಂದು ನಮ್ಮವರಿಗೆ ಗೊತ್ತಿತ್ತಲ್ಲ. ದಿನಾ ಬೆಳಿಗ್ಗೆ ಹೋಗಿ ಒತ್ತುತ್ತಿದ್ದರು, ಸಂಜೆ ಎಳೆದು ಬರುತ್ತಿದ್ದರು.

ಕೆಲವು ವರ್ಷಗಳಲ್ಲಿ ಮನೆಮನೆಯ ಟಿವಿಗೇ ಹಚ್ಚಿ ಆಡುವ ಆಟದ ಡಬ್ಬಿಗಳು ಅಗ್ಗವಾಗಿ ಬಂದವು. ಅಂಗಡಿ ಮುಚ್ಚಿತು. ನಮ್ಮವರು ಅಥಣಿಯಲ್ಲಿ ವೈರು, ಬಲ್ಬು, ಸ್ವಿಚ್ಚುಗಳ ಅಂಗಡಿ ಹಾಕಿದರು. ಅದು ಚೆನ್ನಾಗಿ ನಡೆಯಿತು. ನಾನು ಸೋಲ್ಡರಿನ ಸಾಮಾನನ್ನು ಮತ್ತೆ ಕೈಯಲ್ಲಿ ಹಿಡಿಯಲಿಲ್ಲ. ಯಾರೂ ಹಿಡಿ ಅನ್ನಲೂ ಇಲ್ಲ. ಮಗಳು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆ. ಅಳು ಬಂತು, ಅತ್ತುಬಿಟ್ಟೆ. ಆದರೆ ಅಳುವಾಗಲೂ ಒಳಗೆ ಒಂದು ಮೂಲೆ ಒಣಗಿಯೇ ಇತ್ತು.

ಅದಾದ ಮೇಲೆ ಒಂದು ಬೇಸಿಗೆಯಲ್ಲಿ, ಸಂಬಂಧಿಕರ ಮದುವೆ ಮುಗಿಸಿಕೊಂಡು ರಾಯಬಾಗದ ರೈಲ್ವೆ ಸ್ಟೇಷನ್ನಿನಲ್ಲಿ ಮೀರಜಿನ ಗಾಡಿಗೆ ಕಾಯುತ್ತಿದ್ದೆ. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಸುಲಿದು ತಿನ್ನುತ್ತ ನನಗೂ ಒಂದು ಹಿಡಿ ಕೊಟ್ಟಳು. ಯಾವೂರು ಎಂದು ಕೇಳಿದಳು. ಶಿರಗುಪ್ಪಿ ಎಂದೆ. ಯಾರ ಮನೆ ಎಂದಳು. ಹೇಳಿದೆ. ಶೇಂಗಾ ಸುಲಿಯುತ್ತಿದ್ದ ಅವಳ ಕೈ ನಿಂತಿತು.

"ವಿಡಿಯೋ ಗೇಮಿನ ಪೆಟಗಿ ಮಾಡ್ತಿದ್ರಲ್ಲ, ಅವರೇನ್ರಿ? ನಾವು ಅಲಖನೂರನವ್ರು. ನಮ್ಮ ಮನಿಯವರ ಕೈ ಹೋಗಿದ್ದು ನಿಮ್ಮ ಪೆಟಗ್ಯಾಗ."

ನಾನು ಕೈಯಲ್ಲಿದ್ದ ಶೇಂಗಾವನ್ನು ಕಟ್ಟೆಯ ಮೇಲಿಟ್ಟೆ.

"ಹಂಗಾರ ಅದನ್ನ ಮಾಡಿದಾಕಿ ನೀವ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಅಲ್ಲವಾ, ಅದು ನಾ ಮಾಡಿದ್ದಲ್ಲ" ಎಂದು ಅವಳ ಕಡೆ ತಿರುಗಿ ಕೂತು ಎಲ್ಲವನ್ನೂ ಹೇಳಿದೆ. ಬಾಣಂತನಕ್ಕೆ ಹೋದದ್ದು, ಯಾರು ಜೋಡಿಸಿದ್ದು, ಯಾವ ತಂತಿಗೆ ಹಾಕಬೇಕಿತ್ತು, ಯಾವುದಕ್ಕೆ ಹಾಕಿದರು, ಪಡಸಾಲೆಯಲ್ಲಿ ನಾನು ಹೊರಗೆ ಬಂದು ಏನು ಹೇಳಿದೆ, ಎಲ್ಲ. ಅಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳದಿದ್ದದ್ದನ್ನು ಒಬ್ಬ ಪರಕೀಯಳ ಮುಂದೆ, ಬಿಸಿಲಲ್ಲಿ, ಒಂದೇ ಉಸಿರಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನಿಮ್ಮ ಅಪ್ಪ ಬಂದಿದ್ರು ನಮ್ಮ ಮನಿಗೆ" ಎಂದಳು ಕೊನೆಗೆ. "ಆಗ ಇವರು ದವಾಖಾನ್ಯಾಗ ಇದ್ರು. ನಮ್ಮ ಅತ್ತೀ ಮುಂದ ಕುಂತು, ಕೈ ಮುಗದು, ನನ್ನ ಮಗಳ ಕೈ ತಪ್ಪು, ಹೊಟ್ಟ್ಯಾಗ ಹಾಕ್ಕೋರಿ ಅಂದ್ರು. ಕಣ್ಣಾಗ ನೀರ ತಂದಿದ್ರು. ಹಡದ ಅಪ್ಪ ಮಗಳ ಮ್ಯಾಲ ಯಾಕ ಸುಳ್ಳ ಹೇಳ್ತಾನ್ರಿ?"

"ಅಳಿಯನ್ನ ಉಳಸಾಕ" ಎಂದು ನಾನು ಹೇಳಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ಆಗಿದ್ದು ಆಗಿಹೋತು. ಗಂಡನ ಮ್ಯಾಲ ಹಾಕಬ್ಯಾಡ್ರಿ."

ಅಷ್ಟರಲ್ಲಿ ಅವಳ ಗಂಡ ಛಾದ ಅಂಗಡಿಯ ಕಡೆಯಿಂದ ಬಂದ. ಎಡಗೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದ. ಬಲಗೈ ಅಂಗಿಯ ಕಿಸೆಯ ಹತ್ತಿರ ಮಡಚಿಕೊಂಡಿತ್ತು. ಯಾರು ಎನ್ನುವ ಹಾಗೆ ನನ್ನ ಕಡೆ ನೋಡಿದ.

"ಯಾರೂ ಅಲ್ಲ, ಹಿಂಗ ಮಾತಾಡಾಕತ್ತಿದ್ವಿ. ನಡೀರಿ, ಅತ್ತಾಗ ನೆಳ್ಳ ಐತಿ" ಎಂದು ಅವಳು ಎದ್ದಳು. ಸೆರಗಿನ ಸಿಪ್ಪೆ ಕೊಡವಿ ಹೋದಳು. ಗಾಡಿ ಬರುವವರೆಗೂ ಅವರಿಬ್ಬರೂ ಪ್ಲಾಟ್‌ಫಾರ್ಮಿನ ಆ ತುದಿಯಲ್ಲೇ ಇದ್ದರು.

ಮನೆಗೆ ಬಂದು ಅಡಿಗೆ ಮಾಡಿದೆ. ನಮ್ಮವರು ಅಥಣಿಯಿಂದ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತರು.

"ರಾಯಬಾಗ ಸ್ಟೇಷನ್ನ್ಯಾಗ ಅಲಖನೂರನವರು ಸಿಕ್ಕಿದ್ರು" ಎಂದೆ.

"ಯಾರು?"

"ಕೈ ಸುಟ್ಟಿತ್ತಲ್ಲ, ಅವರು. ಗಂಡಾ ಹೆಂಡ್ತಿ."

ರೊಟ್ಟಿ ಮುರಿಯುತ್ತಲೇ "ಈಗ ಹೆಂಗದಾನಂತ?" ಎಂದು ಕೇಳಿದರು.

"ಬಲಗೈ ಚಾಚಾಕ ಬರೂದಿಲ್ಲ." ಸ್ವಲ್ಪ ತಡೆದು ಹೇಳಿದೆ. "ನಾ ಆಕೀಗೆ ಖರೇದು ಹೇಳಿದ್ನಿ."

ಅವರ ಕೈ ನಿಂತಿತು. ಮದುವೆಯಾದಾಗಿನಿಂದ ಅವರ ಮುಖದಲ್ಲಿ ನನ್ನ ಬಗ್ಗೆ ಅಂಜಿಕೆ ಕಂಡದ್ದು ಅದೊಂದೇ ಸಲ.

"ಏನಂದ್ಲು?"

"ನಂಬಲಿಲ್ಲ."

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಹೆಗಲು ಸಡಿಲವಾಯಿತು. ತಟ್ಟೆಯನ್ನು ನನ್ನ ಕಡೆ ಸರಿಸಿ, "ಇನ್ನೊಂದೀಟ ಝುಣಕ ಹಾಕು" ಎಂದರು.

ಹಾಕಿದೆ.